ಕಾಟ್ಲಾದ ತಲೆ

ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಹ್ಯಾಚರಿಯ ತೊಟ್ಟಿ ಪಕ್ಕ ನಿಂತಿದ್ದೆ. ಕೈಯಲ್ಲಿ ಹೊಟ್ಟೆ ಊದಿದ ರೋಹು, ಮೈಮೇಲೆ ಕೆಂಪು ಹುಣ್ಣು. ಏರೋಮೊನಾಸ್ ಎಂಬ ಬ್ಯಾಕ್ಟೀರಿಯ ಇರಬೇಕು ಅನ್ನಿಸಿತು. ಹಾಗೆ ಮೀನನ್ನು ನೋಡಲು ಕಲಿಸಿದವರೇ ಅವರು.

ಪ್ರಾಣಿಶಾಸ್ತ್ರದ ಎರಡನೇ ವರ್ಷದಲ್ಲಿ ಏನೇನು ಓದಿದೆವೋ, ಈಗ ಒಂದೂ ನೆನಪಿಲ್ಲ. ಆ ಜಡಿಮಳೆಯ ರಾತ್ರಿ ಮಾತ್ರ ಮರೆತಿಲ್ಲ. ನಾವು ನಾಲ್ವರು ಕಾಲೇಜಿನ ಕೆರೆಗೆ ಬಲೆ ಬೀಸಿ ಒಂದು ಕಾಟ್ಲಾ ಹಿಡಿದೆವು. ಹಾಸ್ಟೆಲ್ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಸಾರು ಮಾಡಿ, ತಲೆಯನ್ನು ಮರುದಿನಕ್ಕೆಂದು ಮುಚ್ಚಿಟ್ಟೆವು. ಬೆಳಿಗ್ಗೆ ಕದ ತಟ್ಟಿದವರು ಸರ್. ಬೈಯಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು, ತಲೆ ಎತ್ತಿ, ಕಿವಿರಿನ ಹಿಂದೆ ಅಂಟಿಕೊಂಡಿದ್ದ ಕಡುಗೆಂಪು ಮುದ್ದೆ ತೋರಿಸಿದರು. “ತಿಂದದ್ದು ಆಯ್ತಲ್ಲ, ಇದೆಂತ ಹೇಳು ಮಾರಾಯ?”

ರಕ್ತದ ಗಡ್ಡೆ ಅಂದೆ.

“ಹೆಡ್ ಕಿಡ್ನಿ. ಮೀನಿಗೆ ಎಲುಬಿನ ಮಜ್ಜೆಯಲ್ಲಿ ರಕ್ತ ಹುಟ್ಟುವುದಿಲ್ಲ. ರೋಗದ ವಿರುದ್ಧ ಹೋರಾಡುವ ಅದರ ಸೈನ್ಯ ತಯಾರಾಗುವುದು ಇಲ್ಲಿ.”

ಆಮೇಲೆ ಅಲ್ಲೇ ಮಂಚದ ಮೇಲೆ ಕೂತು ಎಡ್ವರ್ಡ್‌ಸಿಯೆಲ್ಲಾ ಎಂಬ ಬ್ಯಾಕ್ಟೀರಿಯದ ಕಥೆ ಹೇಳಿದರು. ಮ್ಯಾಕ್ರೋಫೇಜ್ ಎಂಬ ಕಾವಲುಗಾರ ಕೋಶ ಅದನ್ನು ನುಂಗುತ್ತಾನೆ. ಅದು ಸಾಯುವುದಿಲ್ಲ, ಅವನ ಹೊಟ್ಟೆಯಲ್ಲೇ ಬಿಡಾರ ಹೂಡಿ ಮರಿ ಹಾಕುತ್ತದೆ. ನಮ್ಮ ಕಳ್ಳತನ ಅಷ್ಟು ನಾಜೂಕಿನದಲ್ಲ ಅಂತ ಆ ಹೊತ್ತಿಗೆ ನಮಗೆ ತಿಳಿದಿತ್ತು. ಶಿಕ್ಷೆ ಎಂದರೆ ಒಂದು ತಿಂಗಳು ಲ್ಯಾಬಿನ ತೊಟ್ಟಿ ತೊಳೆಯುವುದು. ನನ್ನ ಬದುಕು ತಿರುಗಿದ್ದು ಆ ತಿಂಗಳಲ್ಲೇ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ 1990ರ ದಶಕದಲ್ಲಿ ನಡೆದ ಬಯೋಫಿಲ್ಮ್ ಲಸಿಕೆಯ ಕೆಲಸವನ್ನು ಅವರು ಹೇಳುತ್ತಿದ್ದ ಉತ್ಸಾಹ ಈಗಲೂ ಕಿವಿಯಲ್ಲಿದೆ. ಏರೋಮೊನಾಸ್ ತನ್ನ ರಕ್ಷಣೆಗೆ ಮೈಸುತ್ತ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತದೆ. ಆ ಹೊದಿಕೆಯೇ ಬಯೋಫಿಲ್ಮ್. ಅದನ್ನು ಕೈಟಿನ್ (ಸಿಗಡಿ ಚಿಪ್ಪಿನಲ್ಲಿರುವ ವಸ್ತು) ಚೂರುಗಳ ಮೇಲೆ ಬೆಳೆಸಿ, ಕೊಂದು, ಮೇವಿನಲ್ಲಿ ಬೆರೆಸಿದರೆ, ಅದೇ ಹೊದಿಕೆಯಿಂದಾಗಿ ಲಸಿಕೆ ಜೀರ್ಣವಾಗದೆ ಹಿಂಗರುಳಿನವರೆಗೆ ತಲುಪುತ್ತದೆ. ಕಳ್ಳನ ಕಂಬಳಿಯಲ್ಲೇ ಮದ್ದು ಸುತ್ತಿ ಕಳಿಸುವುದು ಅನ್ನುತ್ತಿದ್ದರು.

ಇಂದಿನ ಮಕ್ಕಳು ಹೆಡ್ ಕಿಡ್ನಿಯನ್ನು ಪರದೆಯ ಮೇಲೆ ಬಣ್ಣದ ಚಿತ್ರವಾಗಿ ನೋಡುತ್ತಾರೆ. ಅಂಕ ಚೆನ್ನಾಗಿಯೇ ಬರುತ್ತದೆ. ಬೆರಳಿಗೆ ಮೀನಿನ ವಾಸನೆ ಹತ್ತುವುದಿಲ್ಲ. ಅದು ನನಗೆ ನಿಜವಾಗಿಯೂ ಬೇಸರ.

2018ರಲ್ಲಿ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊ ಅವರಿಗೆ ವೈದ್ಯಕೀಯ ನೊಬೆಲ್ ಬಂದಾಗ ಸರ್ ತಾವಾಗಿ ಫೋನ್ ಮಾಡಿದ್ದರು. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ಬ್ರೇಕ್ ಹಾಕುವ ಅಣುಗಳು, ಆ ಬ್ರೇಕ್ ಸಡಿಲಿಸಿದರೆ ಕ್ಯಾನ್ಸರ್ ಮೇಲೆ ದಾಳಿ. “ಮೀನಿನಲ್ಲೂ ಉಂಟಾ?” ಅಂದರು. ರೇನ್‌ಬೋ ಟ್ರೌಟ್ ಮೀನಿನಲ್ಲಿ ಅಂಥ ಒಂದು ಬ್ರೇಕ್, ಸಿಟಿಎಲ್‌ಎ-4, ಸಿಕ್ಕಿದೆ ಸರ್, ಅಂದೆ. ಅವರಿಗೆ ತಿಳಿಯದ್ದನ್ನು ನಾನು ಹೇಳಿದ್ದು ಅದೊಂದೇ ಸಲ, ಆ ಹೆಮ್ಮೆ ನನಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಆ ಬ್ರೇಕ್ ಒತ್ತಲು ಕಲಿತ ಬ್ಯಾಕ್ಟೀರಿಯವೂ ಇರಬಹುದು. ಹುಡುಕು ಮಾರಾಯ.”

ಆ ರೋಹುವಿನ ಹೆಡ್ ಕಿಡ್ನಿಯನ್ನು ಬ್ಯಾಕ್ಟೀರಿಯ ಬೆಳೆಸುವ ಪ್ಲೇಟಿಗೆ ಹಚ್ಚಿಟ್ಟು ಬಂದಿದ್ದೇನೆ. ಬೆಳಿಗ್ಗೆ ನೋಡಬೇಕು.