ಅಕ್ರಿಲಿಕ್ ಅಂಚಿಗೆ ಟಾರ್ಚ್ ಹಿಡಿಯುವ ಮುಂಚೆ

ಅಕ್ರಿಲಿಕ್ ಅಂದರೆ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್. ಅದರ ಶೀಟನ್ನು ಗರಗಸದಲ್ಲಿ ಕೊಯ್ದರೆ ಅಂಚು ಬೆಳ್ಳಗೆ ಮಬ್ಬಾಗಿ ಬರುತ್ತದೆ. ಅದರ ಮೇಲೆ ಸಣ್ಣ ಗ್ಯಾಸ್ ಟಾರ್ಚಿನ ಜ್ವಾಲೆ ಒಂದು ಸಲ ಹಾಯಿಸಿದರೆ ಕಣ್ಣೆದುರೇ ತಿಳಿಯಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಇದನ್ನು ನೋಡಿದ ಕೂಡಲೇ ಟಾರ್ಚ್ ಕೈಗೆ ಬೇಕು. ಅವರ ಖುಷಿ ನನಗೆ ಅರ್ಥವಾಗುತ್ತದೆ, ಇವತ್ತಿಗೂ ಆ ಕ್ಷಣ ನೋಡೋಕೆ ನನಗೂ ಇಷ್ಟ. ಆದರೂ ಮೊದಲು ನಾನು ಅವರ ಕೈಗೆ ಕೊಡುವುದು ಹಳೇ ಹ್ಯಾಕ್ಸಾ ಬ್ಲೇಡ್.

ನಾನು ಕೆಲಸ ಮಾಡುವುದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಡೆ ಒಂದು ಸಣ್ಣ ಶಾಪಿನಲ್ಲಿ. ಟ್ರೋಫಿ, ಬಾಗಿಲಿಗೆ ಹಾಕುವ ಹೆಸರಿನ ಫಲಕ, ಅಂಗಡಿಗಳ ಡಿಸ್‌ಪ್ಲೇ ಬಾಕ್ಸ್, ದೇವರ ಫೋಟೋ ಸ್ಟ್ಯಾಂಡ್, ಇಂಥವೇ ನಮ್ಮ ಜಾಬ್‌ಗಳು. ಫಿನಿಶಿಂಗ್ ಟೇಬಲ್ ನನ್ನದು. ಬೆಂಕಿಯ ಕೆಲಸ ಕೆಲವೇ ಸೆಕೆಂಡಿನದು. ಅದಕ್ಕೂ ಮುಂಚೆ ಅಂಚಿಗೆ ಏನು ಮಾಡಿದ್ದೇವೆ, ಆಮೇಲೆ ಅದಕ್ಕೆ ಏನು ತಾಗುತ್ತದೆ, ಇವೆರಡನ್ನೂ ಬಲ್ಲವರ ಕೈಯಲ್ಲಿ ಮಾತ್ರ ಟಾರ್ಚ್ ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಬ್ಲೇಡಿನ ವಿಷಯ. ಹ್ಯಾಕ್ಸಾ ಬ್ಲೇಡಿನ ಬೆನ್ನಿನ ಕಡೆ ನೇರವಾಗಿ, ಮೂಲೆ ಚೂಪಾಗಿ ಸಾಣೆ ಹಿಡಿದಿಟ್ಟಿರುತ್ತೇವೆ. ಅದನ್ನು ಅಂಚಿನ ಮೇಲೆ ಸ್ವಲ್ಪ ವಾರೆಯಾಗಿ ಇಟ್ಟು ಉದ್ದಕ್ಕೂ ಎಳೆದರೆ ತೆಳ್ಳನೆಯ ಸುರುಳಿ ಎದ್ದು ಬರುತ್ತದೆ. ಗರಗಸದ ಹಲ್ಲಿನ ಗೆರೆಗಳೆಲ್ಲ ಹೋಗುವ ತನಕ ಎಳೆಯಬೇಕು. ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ: ಮೊದಲು 320 ನಂಬರ್, ನಂತರ 400, ಕೊನೆಗೆ 600. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಪೇಪರನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಬಾರದು, ಅಂಚು ದುಂಡಾಗಿಬಿಡುತ್ತದೆ. ಒಂದು ಮರದ ತುಂಡಿಗೆ ಸುತ್ತಿಕೊಳ್ಳಿ.

ಬೆಂಕಿ ಗೆರೆ ತೆಗೆಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಜ್ವಾಲೆ ಕರಗಿಸುವುದು ಕೂದಲೆಳೆಗಿಂತ ತೆಳುವಾದ ಮೇಲ್ಪದರ. ಪೇಪರಿನ ಸಣ್ಣ ಗೀರುಗಳು ಅದರಲ್ಲಿ ಮುಚ್ಚಿಹೋಗುತ್ತವೆ, ಗರಗಸದ ಆಳದ ಗೆರೆ ಹಾಗೇ ಉಳಿಯುತ್ತದೆ. ಮಬ್ಬಾಗಿದ್ದಾಗ ಕಾಣದೇ ಇದ್ದ ಗೆರೆ ಹೊಳಪು ಬಂದ ಮೇಲೆ ಎದ್ದು ಕಾಣುತ್ತದೆ. ಆಗಲೇ ಹುಡುಗರು ಕೇಳುವುದು:

"ಅಣ್ಣಾ, ಗೆರೆ ಇನ್ನೂ ಕಾಣ್ತಿದೆ. ಇನ್ನೊಂದು ಸಲ ಬೆಂಕಿ ಕೊಡ್ಲಾ?"

"ಬೇಡಪ್ಪ. ತಣ್ಣಗಾಗ್ಲಿ. ಆಮೇಲೆ ಬ್ಲೇಡ್ ತಗೊಂಡು ಮೊದಲಿಂದ ಶುರು ಮಾಡು."

ಅಂಚು ಸಿದ್ಧವಾದ ಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಜ್ವಾಲೆಗೆ ಸುಟ್ಟು ಮೇಲ್ಪದರದಲ್ಲೇ ಕೂತುಬಿಡುತ್ತದೆ. ಪೇಪರ್ ಹೊಡೆದ ಪುಡಿಯೂ ಹಾಗೇ. ಒಣಬಟ್ಟೆಯಿಂದ ಉಜ್ಜಿದರೆ ಶೀಟಿಗೆ ಸ್ಥಿರ ವಿದ್ಯುತ್ ಹತ್ತಿ ಇನ್ನಷ್ಟು ಧೂಳು ಎಳೆದುಕೊಳ್ಳುತ್ತದೆ. ಹಾಗಾಗಿ ಒಂದು ತೊಟ್ಟು ಸೋಪು ಹಾಕಿದ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಲು ಬಿಡುತ್ತೇವೆ. ಶೀಟಿನ ಮೇಲಿನ ರಕ್ಷಣೆಯ ಫಿಲ್ಮನ್ನು ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಸುಲಿದಿಡಬೇಕು. ಇಲ್ಲದಿದ್ದರೆ ಫಿಲ್ಮ್ ಕರಗಿ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವುದು ದೊಡ್ಡ ಗೋಳು.

ಟಾರ್ಚಿನ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಚಿಕ್ಕ ಕೆಲಸಕ್ಕೆ ಬ್ಯೂಟೇನ್ ತುಂಬುವ ಪೆನ್ನಿನಂಥ ಟಾರ್ಚ್ ಸಾಕು. ಜ್ವಾಲೆಯಲ್ಲಿ ಹಳದಿ ತುದಿ ಕಂಡರೆ ಗಾಳಿ ಸಾಲದು ಅಂತ ಅರ್ಥ, ಅಂಚಿಗೆ ಮಸಿ ಹತ್ತುತ್ತದೆ. ದಿನವಿಡೀ ಈ ಕೆಲಸ ಇರುವ ಶಾಪ್‌ಗಳಲ್ಲಿ ನೀರಿನ ಮೆಷಿನ್ ಇರುತ್ತದೆ. ಅದು ಡಿಸ್ಟಿಲ್ಡ್ ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಇಂಗಾಲವೇ ಇಲ್ಲದ ಜ್ವಾಲೆ, ಮಸಿಯ ಪ್ರಶ್ನೆಯೇ ಇಲ್ಲ. ಆದರೆ ಅದರ ಬಿಸಿ 2,500 ಡಿಗ್ರಿ ದಾಟುತ್ತದೆ, ಹಗಲ ಬೆಳಕಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಜ್ವಾಲೆ ಪೈಪಿನೊಳಗೆ ಹಿಂದಕ್ಕೆ ಹೋಗದಂತೆ ತಡೆಯುವ ಅರೆಸ್ಟರ್ ಸರಿಯಾಗಿದೆಯೇ ಅಂತ ದಿನಾ ಬೆಳಿಗ್ಗೆ ನೋಡಲೇಬೇಕು.

ಕೈ ಓಡುವ ರೀತಿಯನ್ನು ಬರೆದು ತಿಳಿಸುವುದು ಕಷ್ಟ. ಜ್ವಾಲೆಯ ಒಳಗಿನ ನೀಲಿ ಮೊನೆ ಅಂಚಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ದೂರದಲ್ಲಿರಬೇಕು. ಸೆಕೆಂಡಿಗೆ ಐದಾರು ಸೆಂಟಿಮೀಟರ್ ವೇಗದಲ್ಲಿ, ಒಂದೇ ದಿಕ್ಕಿಗೆ, ನಿಲ್ಲದೆ ಹೋಗಬೇಕು. ಶೀಟಿಗಿಂತ ಮುಂಚೆಯೇ ಕೈ ಚಲಿಸಲು ಶುರುವಾಗಿ, ಶೀಟ್ ದಾಟಿದ ಮೇಲೆ ನಿಲ್ಲಬೇಕು. ಮೂಲೆಗಳಲ್ಲಿ ಎರಡೂ ಕಡೆಯಿಂದ ಬಿಸಿ ಸೇರುವುದರಿಂದ ಅಲ್ಲೇ ಮೊದಲು ಗುಳ್ಳೆ ಏಳುತ್ತದೆ. ಒಂದೇ ಸಲಕ್ಕೆ ಹೊಳಪು ಬರಲಿಲ್ಲ ಅಂದರೆ ಕಾಯಿರಿ, ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ. ಎರಡು ಎಂಎಂಗಿಂತ ತೆಳು ಶೀಟಾದರೆ ಬಾಗಿಹೋಗುತ್ತದೆ, ಅದಕ್ಕೆ ತಿರುಗುವ ಬಟ್ಟೆ ಚಕ್ರಕ್ಕೆ ಹಿಡಿದು ಹೊಳಪು ಕೊಡುವ ಬಫಿಂಗೇ ಸರಿ.

ಶೀಟುಗಳಲ್ಲೂ ಎರಡು ಜಾತಿ. ಗಾಜಿನ ಹಲಗೆಗಳ ನಡುವೆ ಎರಕ ಹೊಯ್ದದ್ದು ಕಾಸ್ಟ್, ಮೆಷಿನ್ನಿನ ಬಾಯಿಂದ ಒತ್ತಿ ತೆಗೆದದ್ದು ಎಕ್ಸ್‌ಟ್ರೂಡೆಡ್. ಕೊಯ್ಯುವಾಗಲೇ ಗೊತ್ತಾಗುತ್ತದೆ: ಕಾಸ್ಟ್ ಒಣ ಪುಡಿಯಾಗಿ ಉದುರುತ್ತದೆ, ಎಕ್ಸ್‌ಟ್ರೂಡೆಡ್ ಬೇಗ ಮೆತ್ತಗಾಗಿ ಗರಗಸಕ್ಕೆ ಅಂಟುತ್ತದೆ. ಬೆಂಕಿಗೂ ಎಕ್ಸ್‌ಟ್ರೂಡೆಡ್ ಬೇಗ ಕರಗುತ್ತದೆ, ಕೈ ಇನ್ನೂ ಚುರುಕಾಗಬೇಕು. ಎರಡರ ಹದವೂ ಬೇರೆ. ಹೊಸ ಶೀಟ್ ಬಂದಾಗ ಅದರದ್ದೇ ಸ್ಕ್ರಾಪ್ ಪೀಸಿನ ಮೇಲೆ ಮೊದಲು ಹಾಯಿಸಿ ನೋಡದೆ ಜಾಬ್ ಮುಟ್ಟಬೇಡಿ.

ಮಳೆಗಾಲದಲ್ಲಿ ಗುಳ್ಳೆಯ ಕಾಟ ಜಾಸ್ತಿ. ನೋಡೋಕೆ ಗಾಜಿನ ಹಾಗಿದ್ದರೂ ಅಕ್ರಿಲಿಕ್ ಗಾಳಿಯ ತೇವ ಕುಡಿಯುತ್ತದೆ. ಆಷಾಢದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಶೀಟಿಗೆ ಜ್ವಾಲೆ ತೋರಿಸಿದರೆ ಒಳಗಿನ ತೇವ ಆವಿಯಾಗಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಫಿಲ್ಮ್ ಪೂರ್ತಿ ತೆಗೆದು, 80 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಗುಳ್ಳೆ ಎದ್ದ ಅಂಚನ್ನು ಮತ್ತೆ ಬೆಂಕಿಯಿಂದ ಸರಿಮಾಡೋಕೆ ಆಗಲ್ಲ. ಅಷ್ಟು ಆಳಕ್ಕೆ ಹೆರೆದು ತೆಗೆಯುವುದೊಂದೇ ದಾರಿ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತಿರುವ ವಿಷಯ. ಹೊಳೆಯುವ ಅಂಚು ಗಟ್ಟಿಯಾದ ಅಂಚು ಆಗಿರಬೇಕು ಅಂತೇನಿಲ್ಲ.

2020ರಲ್ಲಿ ಕೊರೊನಾ ಬಂದಾಗ ಅಕ್ರಿಲಿಕ್‌ಗೆ ಎಲ್ಲಿಲ್ಲದ ಬೇಡಿಕೆ. ಬ್ಯಾಂಕು, ಮೆಡಿಕಲ್ ಶಾಪು, ಬಿಲ್ಲಿಂಗ್ ಕೌಂಟರು, ಎಲ್ಲ ಕಡೆ ಅಡ್ಡ ಪಾರ್ಟಿಷನ್ ಬೇಕಾಗಿತ್ತು. ನಾವೂ ಮಾಡಿಕೊಟ್ಟೆವು. ಅಂಚುಗಳಿಗೆ ಟಾರ್ಚ್ ಹೊಡೆದು ಕಳಿಸುವುದು ರೂಢಿಯಾಗಿತ್ತು. ಕೆಲವು ವಾರಗಳ ನಂತರ ಗ್ರಾಹಕರೊಬ್ಬರ ಕೌಂಟರಿನಿಂದ ಫೋಟೋ ಬಂತು. ಅಂಚಿನುದ್ದಕ್ಕೂ, ಸ್ಕ್ರೂ ತೂತುಗಳ ಸುತ್ತಲೂ ಬೆಳ್ಳಿ ಬಣ್ಣದ ಸಣ್ಣ ಬಿರುಕುಗಳು. ಯಾರೂ ಹೊಡೆದಿರಲಿಲ್ಲ, ಬೀಳಿಸಿರಲಿಲ್ಲ. ಅಲ್ಲಿನ ಸಿಬ್ಬಂದಿ ಪ್ರತಿ ಗಂಟೆಗೂ ಸ್ಯಾನಿಟೈಸರ್ ಸ್ಪ್ರೇ ಮಾಡಿ ಒರೆಸುತ್ತಿದ್ದರು, ಅಷ್ಟೇ. ಅವರು ಮಾಡಿದ್ದು ಜನರ ಒಳ್ಳೆಯದಕ್ಕೇ. ಆದರೆ ಆ ಸ್ಯಾನಿಟೈಸರ್‌ನಲ್ಲಿ ಮುಕ್ಕಾಲು ಪಾಲು ಆಲ್ಕೋಹಾಲ್.

ಆಗುವುದು ಇಷ್ಟು. ಅಕ್ರಿಲಿಕ್ ಸುಮಾರು 105 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಜ್ವಾಲೆ ಹಾಯ್ದಾಗ ಮೇಲ್ಪದರ ಅದನ್ನು ದಾಟಿ ಕರಗುತ್ತದೆ, ಒಳಗಿನದು ತಣ್ಣಗೇ ಇರುತ್ತದೆ. ಮೇಲಿನದು ಆರುವಾಗ ಕುಗ್ಗಲು ನೋಡುತ್ತದೆ, ಒಳಗಿನದು ಬಿಡುವುದಿಲ್ಲ. ಬೆಂಕಿಗೆ ಕಾಯಿಸಿದ ತಮಟೆಯ ಚರ್ಮದ ಹಾಗೆ ಅಂಚು ಬಿಗಿದುಕೊಂಡೇ ಉಳಿಯುತ್ತದೆ. ಕಣ್ಣಿಗೆ ಇದು ಕಾಣಿಸುವುದಿಲ್ಲ. ಆ ಬಿಗಿದ ಪದರಕ್ಕೆ ಆಲ್ಕೋಹಾಲ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್, ಏನಾದರೂ ತಾಗಿದರೆ ಸೂಕ್ಷ್ಮವಾಗಿ ಬಾಯಿ ಬಿಡುತ್ತದೆ. ಲೇಸರ್‌ನಲ್ಲಿ ಕೊಯ್ದ ಅಂಚಿಗೂ ಇದೇ ಕಥೆ. ಅದು ತಾನಾಗಿಯೇ ಹೊಳೆಯುವುದಕ್ಕೆ ಕಾರಣವೂ ಕರಗಿದ ಪದರವೇ ಅಲ್ವಾ?

ಪರಿಹಾರ ಇದೆ. ಕೆಲಸ ಮುಗಿದ ಪೀಸನ್ನು 80 ಡಿಗ್ರಿ ಓವನ್‌ನಲ್ಲಿ ಕನಿಷ್ಠ ಎರಡು ಗಂಟೆ ಇಡಬೇಕು. ದಪ್ಪ ಜಾಸ್ತಿಯಾದರೆ ಹೊತ್ತೂ ಜಾಸ್ತಿ: ಎಂಎಂ ಲೆಕ್ಕದ ದಪ್ಪವನ್ನು ಮೂರರಿಂದ ಭಾಗಿಸಿದರೆ ಎಷ್ಟೋ ಅಷ್ಟು ಗಂಟೆ. ಎರಡಕ್ಕಿಂತ ಕಡಿಮೆ ಬಂದರೂ ಎರಡು ಗಂಟೆ ಇಡಿ. ಅದಕ್ಕಿಂತ ಮುಖ್ಯವಾದದ್ದು ಆರಿಸುವುದು. ಓವನ್ ಆಫ್ ಮಾಡಿ, ಬಾಗಿಲು ತೆರೆಯದೆ, ಒಳಗಿನ ಬಿಸಿ 60ಕ್ಕಿಂತ ಕೆಳಗೆ ಇಳಿಯುವ ತನಕ ಬಿಡಬೇಕು. ಅವಸರಕ್ಕೆ ಫ್ಯಾನ್ ಕೆಳಗೆ ಇಟ್ಟರೆ ಓವನ್‌ನಲ್ಲಿಟ್ಟ ಕೆಲಸವೆಲ್ಲ ದಂಡ. ಈ ಹೆಜ್ಜೆಗೆ ತಗಲುವ ಹೊತ್ತನ್ನು ರೇಟಿನಲ್ಲೇ ಸೇರಿಸಿ ಅಂತ ನಾನು ಮಾಲೀಕರಿಗೆ ಹೇಳಿದೆ, ಅವರು ಒಪ್ಪಿದರು. ಬಹಳ ಕಡೆ ಇದನ್ನು ಬಿಟ್ಟುಬಿಡುವುದು ರೇಟಿನಲ್ಲಿ ಜಾಗ ಇಲ್ಲದ್ದಕ್ಕೇ. ಗ್ರಾಹಕರು ಹೊಳಪಿಗೆ ದುಡ್ಡು ಕೊಡುತ್ತಾರೆ. ಅದು ಉಳಿಯಬೇಕಾದರೆ ಓವನ್‌ಗೂ ಕೊಡಬೇಕು ಅಂತ ನಾವೇ ಬಿಡಿಸಿ ಹೇಳಬೇಕು.

ಬಿಗಿ ಉಳಿದಿದೆಯೇ ಅಂತ ತಿಳಿಯಲು ಒಂದು ಉಪಾಯ ಇದೆ. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೀಸನ್ನು ಅದರ ಮುಂದೆ ಹಿಡಿದು, ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ನೋಡಿ. ಪರದೆ ಕಪ್ಪಾಗುವ ತನಕ ಕನ್ನಡಕವನ್ನು ತಿರುಗಿಸಿ. ಬಿಗಿ ಇರುವ ಕಡೆ ಬೆಳಕು ಒಸರಿದಂತೆ ಕಾಣುತ್ತದೆ. ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ನಲ್ಲಿ ಕಾಣುವಷ್ಟು ಢಾಳಾದ ಬಣ್ಣ ಅಕ್ರಿಲಿಕ್‌ನಲ್ಲಿ ಬರುವುದಿಲ್ಲ, ಕಣ್ಣು ಪಳಗಬೇಕು. ಅದು ಬೇಡ ಅಂದರೆ, ಅದೇ ಥರ ಬೆಂಕಿ ಕೊಟ್ಟ ಸ್ಕ್ರಾಪ್ ಪೀಸಿನ ಅಂಚಿಗೆ ಸ್ಪಿರಿಟ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಅಂಟಿಸುವ ಅಂಚಿಗೂ ಬೆಂಕಿ ಬೇಡ. ನಮ್ಮ ಕಡೆ ಅಕ್ರಿಲಿಕ್ ಅಂಟಿಸಲು ಸಿರಿಂಜಿನಲ್ಲಿ ಕ್ಲೋರೋಫಾರಂ ಬಿಡುವುದು ಹಳೇ ಪದ್ಧತಿ. ಬೆಂಕಿ ಕೊಟ್ಟ ಅಂಚಿಗೆ ಅದು ತಾಗಿದರೆ ಬಿರುಕು ಬಿಡುತ್ತದೆ. ಜೊತೆಗೆ ಬೆಂಕಿಯಿಂದ ಅಂಚು ಸ್ವಲ್ಪ ದುಂಡಾಗುವುದರಿಂದ ಜೋಡಣೆ ಸರಿಯಾಗಿ ಕೂರುವುದಿಲ್ಲ, ನಡುವೆ ಗಾಳಿ ಸೇರಿಕೊಳ್ಳುತ್ತದೆ. ಹಾಗಾಗಿ ಶೀಟ್ ಕೊಯ್ದ ಕೂಡಲೇ ಫಿಲ್ಮಿನ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತೇವೆ. ಅಂಟಿಸುವ ಕಡೆಗೆ "ಅಂ", ಬೆಂಕಿ ಕೊಡುವ ಕಡೆಗೆ "ಬೆ". ಟಾರ್ಚ್ ಹಿಡಿದವರು ಅಕ್ಷರ ನೋಡದೆ ಹೊಡೆಯುವಂತಿಲ್ಲ.

ಇನ್ನೂ ದೊಡ್ಡ ವಿಷಯ, ಟಾರ್ಚ್ ಮತ್ತು ಕ್ಲೋರೋಫಾರಂ ಒಂದೇ ಕೋಣೆಯಲ್ಲಿ ಇರಲೇಬಾರದು. ಕ್ಲೋರೋಫಾರಂ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಅದಕ್ಕೇ ಜನ ಧೈರ್ಯವಾಗಿರುತ್ತಾರೆ. ಆದರೆ ಅದರ ಆವಿ ಜ್ವಾಲೆಗೆ ಸಿಕ್ಕರೆ ಫಾಸ್ಜೀನ್ ಅನ್ನುವ ಗ್ಯಾಸ್ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಗ್ಯಾಸ್ ಅದು. ಉಸಿರಾಡಿದ ಕೂಡಲೇ ಏನೂ ಆಗದಂತಿದ್ದು, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒಂದೇ ಶಟರಿನ ಒಳಗೆ, ಒಂದೇ ಟೇಬಲ್ ಮೇಲೆ, ಒಬ್ಬರು ಅಂಟಿಸುತ್ತ ಪಕ್ಕದವರು ಟಾರ್ಚ್ ಹೊಡೆಯುವುದನ್ನು ನಾನು ನೋಡಿದ್ದೇನೆ. ಇದನ್ನು ಓದುತ್ತಿರುವವರ ಶಾಪಿನಲ್ಲಿ ಹಾಗಿದ್ದರೆ ದಯವಿಟ್ಟು ಇವತ್ತೇ ಬೇರೆ ಮಾಡಿ. ಜಾಗ ಇಲ್ಲ ಅಂದರೆ ಹೊತ್ತನ್ನಾದರೂ ಬೇರೆ ಮಾಡಿ. ಟಾರ್ಚಿನ ಕೆಲಸ ಬೆಳಿಗ್ಗೆಯೇ ಮುಗಿಸಿ ಆಫ್ ಮಾಡಿ, ಆಮೇಲೆ ಅಂಟಿನ ಬಾಟಲಿ ತೆರೆಯಿರಿ, ಸಂಜೆ ಬಾಟಲಿ ಮುಚ್ಚಿ ಎಲ್ಲ ಕಿಟಕಿ ತೆಗೆದಿಡಿ. ಅಕ್ರಿಲಿಕ್ ಸಹ ಒಮ್ಮೆ ಹೊತ್ತಿಕೊಂಡರೆ ತಾನಾಗಿ ಆರುವುದಿಲ್ಲ, ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಬಕೆಟ್ ನೀರು ಕೈಗೆ ಸಿಗುವಷ್ಟು ಹತ್ತಿರ ಇರಲಿ.

ಲೇತ್, ಅಂದರೆ ರಾಡನ್ನು ತಿರುಗಿಸಿ ಕಡೆಯುವ ಯಂತ್ರದ ಕೆಲಸ ಮಾಡುವವರಿಗೆ ಒಂದು ಮಾತು. ಅಕ್ರಿಲಿಕ್ ರಾಡಿನಲ್ಲಿ ತೂತು ಕೊರೆದರೆ ಒಳಗೋಡೆ ಮಂಜು ಕವಿದಂತೆ ಬರುತ್ತದೆ, ಅಲ್ಲಿಗೆ ಬಫ್ ತಲುಪುವುದಿಲ್ಲ. ಅಮೆರಿಕದಲ್ಲಿ ಬೇಟೆಗಾರರು ಬಾತುಕೋಳಿ ಕರೆಯಲು ಊದುವ ಪೀಪಿಗಳನ್ನು ಇದೇ ರಾಡಿನಿಂದ ಲೇತ್ ಮೇಲೆ ಮಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತಿರುವುದರಿಂದ ಆ ಜಾಬ್ ಬರುವುದಿಲ್ಲ, ಆದರೆ ಪೆನ್ನು, ಹಿಡಿ, ದೀಪದ ಕಂಬ ಬರುತ್ತವೆ. ತೂತು ಈ ಕಡೆಯಿಂದ ಆ ಕಡೆಗೆ ತೆರೆದಿದ್ದರೆ ಮಾತ್ರ ಒಳಗೆ ಜ್ವಾಲೆ ತೋರಿಸಿ. ಒಂದು ಕಡೆ ಮುಚ್ಚಿದ್ದರೆ ಬಿಸಿಗಾಳಿ ತಿರುಗಿ ಬಂದು ಬಾಯಿಯನ್ನೇ ಸುಡುತ್ತದೆ. ಕೊರೆಯುವಾಗ ಎಣ್ಣೆ ಹಾಕಿದ್ದರೆ ಸೋಪಿನಿಂದ ಪೂರ್ತಿ ತೊಳೆಯಿರಿ. ಅಳತೆ ಪಕ್ಕಾ ಇರಬೇಕಾದ ಜಾಗಕ್ಕೆ ಬೆಂಕಿ ಕೊಡಬೇಡಿ, ಮೂಲೆ ಕರಗಿ ಅಳತೆ ಬದಲಾಗುತ್ತದೆ. ಪೀಪಿಯಲ್ಲಿ ಸದ್ದು ಹೊರಡಿಸುವ ನಾಲಿಗೆ ಕೂರುವ ಪಟ್ಟಿ ಅಂಥ ಜಾಗ, ಅಲ್ಲಿ ಚೂರು ಕರಗಿದರೂ ಸ್ವರ ಕೆಡುತ್ತದೆ. ನಮ್ಮ ಪೆನ್ನಿನಲ್ಲಿ ರೀಫಿಲ್ ಬಿಗಿಯಾಗಿ ಕೂರುವ ಕೊನೆಯೂ ಅಷ್ಟೇ.

ಈಗ ನಾವು ಕಳಿಸುವ ಪ್ರತಿ ಡಬ್ಬಿಯಲ್ಲೂ ಒಂದು ಚೀಟಿ ಇರುತ್ತದೆ. ಒರೆಸಲು ನೀರು, ಒಂದು ತೊಟ್ಟು ಸೋಪು, ಹತ್ತಿ ಬಟ್ಟೆ ಸಾಕು. ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್, ಗಾಜಿನ ಕ್ಲೀನರ್ ಬೇಡ. ಆಫೀಸುಗಳಿಗೆ ಹೋಗುವ ಡಬ್ಬಿಯಾದರೆ ಚೀಟಿ ಎರಡು ಹಾಕುತ್ತೇವೆ, ಒಂದು ತೆಗೆದುಕೊಂಡವರಿಗೆ, ಇನ್ನೊಂದು ದಿನಾ ಒರೆಸುವ ಅಕ್ಕನಿಗೆ.