ಕೆಲಸ ಹೋಯ್ತು, ಜೊತೆಯಾಗಿ ಹಿಡಿದ ಮನೆಯನ್ನು ಮಧ್ಯದಲ್ಲೇ ಬಿಡಬಹುದಾ?

ಈ ಪ್ರಶ್ನೆ ನನಗೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಮೂರು ಜನ ಸೇರಿ ಮನೆ ಹಿಡಿದಿದ್ದೇವೆ, ಒಂದು ವರ್ಷಕ್ಕೆ ಅಗ್ರಿಮೆಂಟ್ ಆಗಿದೆ, ಇನ್ನೂ 7 ತಿಂಗಳು ಬಾಕಿ ಇದೆ, ಹೋದ ವಾರ ನನ್ನ ಕೆಲಸ ಹೋಯ್ತು, ನನ್ನ ಪಾಲಿನ ಬಾಡಿಗೆ ಕಟ್ಟೋಕೆ ಆಗಲ್ಲ, ಬಿಟ್ಟು ಹೋಗಬಹುದಾ? ಹೀಗೆ ಕೇಳುವವರಲ್ಲಿ ಹೆಚ್ಚಿನವರು ಮನೆ ಮಾಲೀಕರಿಗೂ ಹೇಳಿರುವುದಿಲ್ಲ, ಪಕ್ಕದ ಕೋಣೆಯಲ್ಲಿ ಮಲಗುವ ಗೆಳೆಯರಿಗೂ ಹೇಳಿರುವುದಿಲ್ಲ. ನನಗೆ ಮೊದಲು ಹೇಳುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ನಾನೂ ಹಾಗೇ ಮಾಡಿದ್ದೆ.

ಉತ್ತರ ಇಷ್ಟು. ಮನೆ ಬಿಡಬಹುದು, ಯಾರೂ ಹಿಡಿದು ಕೂರಿಸುವುದಿಲ್ಲ. ಆದರೆ ನೀವು ಮನೆ ಬಿಟ್ಟ ಮಾತ್ರಕ್ಕೆ ನಿಮ್ಮ ಹೆಸರು ಕಾಗದ ಬಿಡುವುದಿಲ್ಲ. ಕೆಲಸ ಹೋಗಿದೆ ಅನ್ನುವ ಕಾರಣಕ್ಕೆ ಕರಾರು ತಾನಾಗಿ ಮುರಿದು ಬೀಳುವುದೂ ಇಲ್ಲ, ಹಾಗಂತ ಅದರಲ್ಲಿ ಬರೆದಿದ್ದರೆ ಬೇರೆ ಮಾತು. ಹಾಗಾಗಿ ಹೆಸರು ಬಿಡಿಸಿಕೊಂಡು ಹೋಗಬೇಕು. ಅದಕ್ಕೆ ದಿನಗಳು ಬೇಕು. ದಿನಗಳು ಬೇಕು ಅಂದರೆ ಇವತ್ತೇ ಹೇಳಬೇಕು.

ಇವತ್ತೇ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಹೇಳಲಿಲ್ಲ. ಕೆಲಸ ಹೋದ ಮೇಲೆ ಎರಡು ತಿಂಗಳು ಉಳಿತಾಯದ ದುಡ್ಡಿನಲ್ಲಿ ನನ್ನ ಪಾಲು ಕಟ್ಟಿದೆ. ಬೇರೆ ಕೆಲಸ ಸಿಕ್ಕೇ ಸಿಗುತ್ತದೆ, ಆಮೇಲೆ ಎಲ್ಲ ಮುಗಿದ ಕಥೆ ಅಂತ ಹೇಳಿದರಾಯ್ತು ಅಂದುಕೊಂಡಿದ್ದೆ. ಆ ದಿನಗಳಲ್ಲೇ ಒಂದು ರಾತ್ರಿ ಊಟಕ್ಕೆ ಕೂತಾಗ ಜೊತೆಗಿದ್ದವನು ಹೇಳಿದ, ಆಫೀಸಿನಲ್ಲಿ ಒಬ್ಬರು ಕೋಣೆ ಹುಡುಕ್ತಿದ್ದಾರೆ, ನಮ್ಮಲ್ಲಿ ಖಾಲಿ ಇದೆಯಾ ಅಂತ ಕೇಳಿದರು, ಇಲ್ಲ ಅಂದೆ, ಅಂತ. ನಾನು ತಟ್ಟೆ ನೋಡುತ್ತಾ ಕೂತಿದ್ದೆ. ಒಂದು ಮಾತು ಆಡಿದ್ದರೆ ಮುಂದಿನ ತಿಂಗಳೇ ನನ್ನ ಜಾಗಕ್ಕೆ ಅವರು ಬರುತ್ತಿದ್ದರು. ಮೂರನೇ ತಿಂಗಳು ಬಾಡಿಗೆ ಕಟ್ಟುವ ದಿನ ನಾನು ಬಾಯಿ ಬಿಟ್ಟಾಗ ಅವನಿಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಆ ರಾತ್ರಿಯ ಮಾತು ಅವನಿಗೆ ನೆನಪಿತ್ತು.

ಲೆಕ್ಕ ಹಾಕಿ ನೋಡಿ. ಕೆಲಸ ಹೋದ ವಾರವೇ ಹೇಳಿ, 5 ವಾರದಲ್ಲಿ ಇನ್ನೊಬ್ಬರು ಸಿಕ್ಕರು ಅಂದುಕೊಳ್ಳಿ. ನಿಮಗೆ ತಗಲುವುದು ಒಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಪಾಲು. ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿದರೂ ಅದೇ 5 ವಾರ ಹಿಡಿಯುತ್ತದೆ, ಆದರೆ ತಗಲುವುದು ಮೂರು ತಿಂಗಳಿಗಿಂತ ಜಾಸ್ತಿ. ಸಂಬಳವೇ ಇಲ್ಲದ ಹೊತ್ತಿನಲ್ಲಿ ಆ ಎರಡು ತಿಂಗಳ ದುಡ್ಡು ಬರೀ ನಾಚಿಕೆಗೆ ಕೊಟ್ಟಂತೆ. ಕೆಲಸ ಹೋಗುವುದು ನಾಚಿಕೆ ಪಡುವ ವಿಷಯವೇ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಹೇಳಿದ ಮೇಲೆ ಅಗ್ರಿಮೆಂಟ್ ತೆಗೆದು ಓದಿ. ಸಹಿ ಹಾಕಿದ ದಿನ ಯಾರೂ ಪೂರ್ತಿ ಓದಿರುವುದಿಲ್ಲ, ಈಗ ಓದಿ. ಮೊದಲು ನೋಡಬೇಕಾದದ್ದು ಬಾಡಿಗೆದಾರರು ಅಂತ ಯಾರ್ಯಾರ ಹೆಸರಿದೆ ಅನ್ನುವುದು. ಪ್ರತಿ ಕೋಣೆಗೂ ಬೇರೆ ಬೇರೆ ಕಾಗದ ಆಗಿದ್ದರೆ ನಿಮ್ಮ ಕೆಲಸ ಹಗುರ, ಅದು ನಿಮ್ಮ ಮತ್ತು ಮಾಲೀಕರ ನಡುವಿನ ಮಾತು. ಒಬ್ಬರ ಹೆಸರಲ್ಲೇ ಕಾಗದ ಇದ್ದು ಉಳಿದವರು ಅವರ ಕೈಗೆ ದುಡ್ಡು ಕೊಡುತ್ತಿದ್ದರೆ, ನೀವು ಎದ್ದು ಹೋದಾಗ ಪೂರ್ತಿ ಭಾರ ಬೀಳುವುದು ಆ ಒಬ್ಬರ ಮೇಲೆ. ಕಾಗದದಲ್ಲಿ ನನ್ನ ಹೆಸರೇ ಇಲ್ಲ, ನನಗೇನು ಅಂತ ದಯವಿಟ್ಟು ಅನ್ನಬೇಡಿ. ನಿಮ್ಮನ್ನು ನಂಬಿ ಅವರು ಸಹಿ ಹಾಕಿದ್ದಾರೆ, ಅಲ್ವಾ?

ಕಷ್ಟ ಇರುವುದು ಒಂದೇ ಕಾಗದಕ್ಕೆ ಎಲ್ಲರೂ ಸಹಿ ಹಾಕಿದಾಗ. ಮೂರು ಜನ ಅಂದರೆ ತಲಾ ಮೂರನೇ ಒಂದು ಪಾಲಿಗೆ ಹೊಣೆ ಅಂತ ನಾವು ಅಂದುಕೊಂಡಿರುತ್ತೇವೆ. ಆ ಹಂಚಿಕೆ ನಮ್ಮ ನಮ್ಮೊಳಗಿನದು. ಮಾಲೀಕರ ಕಡೆಯಿಂದ ನೋಡಿದರೆ ಬಹಳಷ್ಟು ದೇಶಗಳಲ್ಲಿ ಒಬ್ಬೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಭಾರತದ 1872ರ ಕರಾರು ಕಾಯಿದೆಯ 43ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಹಲವರು ಸೇರಿ ಒಂದು ಮಾತು ಕೊಟ್ಟರೆ, ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ, ಯಾರನ್ನು ಬೇಕಾದರೂ ಹಿಡಿದು ಪೂರ್ತಿ ವಸೂಲಿ ಮಾಡಬಹುದು. ಹಾಗೆ ಕಟ್ಟಿದವರು ಉಳಿದವರಿಂದ ಅವರವರ ಪಾಲು ಕೇಳಬಹುದು, ಆ ದಾರಿಯೂ ಅದೇ ಸೆಕ್ಷನ್‌ನಲ್ಲಿದೆ.

ಇದರ ಪಕ್ಕದಲ್ಲೇ ಇರುವ 44ನೇ ಸೆಕ್ಷನ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗಂತೂ ಅದೇ ದೊಡ್ಡದು. ಮಾಲೀಕರು ಒಬ್ಬರನ್ನು ಬಿಟ್ಟುಕೊಟ್ಟರೆ ಉಳಿದವರ ಹೊಣೆ ಹಾಗೇ ಉಳಿಯುತ್ತದೆ. ಬಿಡುಗಡೆಯಾದವರು ಜೊತೆಗಾರರಿಗೆ ಕೊಡಬೇಕಾದ ಹೊಣೆಯಿಂದಲೂ ಪಾರಾಗುವುದಿಲ್ಲ. ಅಂದರೆ ಮಾಲೀಕರು ನೀವು ಹೋಗಿ ಪರವಾಗಿಲ್ಲ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಜೊತೆಗಿದ್ದವರೂ ಆಗಲಿ ಅನ್ನಬೇಕು. ಎರಡು ಕಡೆಯ ಒಪ್ಪಿಗೆ, ಎರಡೂ ಬರಹದಲ್ಲಿ.

ಇನ್ನು ನೋಡಬೇಕಾದದ್ದು ಲಾಕ್-ಇನ್ ಅವಧಿ (ಎಷ್ಟು ದಿನ ಮನೆ ಬಿಡುವಂತಿಲ್ಲ ಅನ್ನುವುದು), ನೋಟಿಸ್ ಅವಧಿ (ಬಿಡುವ ಎಷ್ಟು ದಿನ ಮೊದಲು ತಿಳಿಸಬೇಕು ಅನ್ನುವುದು), ಮಧ್ಯದಲ್ಲಿ ಬಿಟ್ಟರೆ ಏನು ಕೊಡಬೇಕು ಅನ್ನುವ ಸಾಲು, ಬೇರೆಯವರನ್ನು ಸೇರಿಸಿಕೊಳ್ಳಲು ಅನುಮತಿ ಬೇಕೇ ಅನ್ನುವ ಸಾಲು. ದಂಡ ಅಂತ ದೊಡ್ಡ ಮೊತ್ತ ಬರೆದಿದ್ದರೆ ಗಾಬರಿ ಬೇಡ. ಮೇಲೆ ಹೇಳಿದ ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ನ್ಯಾಯ ಅನ್ನಿಸುವಷ್ಟೇ ಪರಿಹಾರ. ನಿಮಗಾಗಿ ಅಪ್ಪನೋ ಅಕ್ಕನೋ ಜಾಮೀನು ಸಹಿ ಹಾಕಿದ್ದರೆ ಅವರಿಗೂ ಈಗಲೇ ತಿಳಿಸಿ, ನೀವು ಕಟ್ಟದಿದ್ದರೆ ಕರೆ ಹೋಗುವುದು ಅವರಿಗೆ.

ನೋಟಿಸ್ ಕೊಡುವ ಮುಂಚೆ ಒಂದು ಎಚ್ಚರ ಬೇಕು. ಒಬ್ಬರು ಕೊಟ್ಟ ನೋಟಿಸ್ ಏನು ಮಾಡುತ್ತದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1991ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪಿನ ಪ್ರಕಾರ, ಅವಧಿ ಗೊತ್ತು ಮಾಡದೆ ವಾರ ಅಥವಾ ತಿಂಗಳ ಲೆಕ್ಕದಲ್ಲಿ ನಡೆಯುವ ಜಂಟಿ ಬಾಡಿಗೆಯಲ್ಲಿ ಒಬ್ಬರು ಸರಿಯಾಗಿ ನೋಟಿಸ್ ಕೊಟ್ಟರೆ ಎಲ್ಲರ ಬಾಡಿಗೆ ಹಕ್ಕೂ ಮುಗಿಯುತ್ತದೆ. ನೀವು ಹೊರಗೆ ಹೋಗಲು ಬರೆದ ಪತ್ರ ಗೆಳೆಯರನ್ನೂ ಹೊರಗೆ ಹಾಕಬಹುದು. ಜರ್ಮನಿಯಲ್ಲಿ ಉಲ್ಟಾ, ಒಂದೇ ಕಾಗದಕ್ಕೆ ಸಹಿ ಹಾಕಿದವರೆಲ್ಲ ಸೇರಿ ನೋಟಿಸ್ ಕೊಡಬೇಕು, ಒಬ್ಬರೇ ಕೊಟ್ಟರೆ ನಡೆಯುವುದಿಲ್ಲ. ಹಾಗಾಗಿ ಮಾಲೀಕರಿಗೆ ಪತ್ರ ಕಳಿಸುವ ಮೊದಲು ಜೊತೆಯವರ ಹತ್ತಿರ ಕೂತು ಮಾತಾಡಿ. ನೀವು ಇರುವ ಕಡೆಯ ನಿಯಮ ಏನು ಅಂತ ಅಲ್ಲಿನ ವಕೀಲರನ್ನೋ ಉಚಿತ ಕಾನೂನು ನೆರವು ಕೊಡುವವರನ್ನೋ ಒಂದು ಸಲ ಕೇಳಿ.

ಈಗ ನಿಜವಾಗಿ ಸಹಾಯ ಮಾಡುವ ದಾರಿಗೆ ಬರುತ್ತೇನೆ. ಅದು ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತರುವುದು. ನಾನು ನೋಡಿದ ಹತ್ತಾರು ಕಥೆಗಳಲ್ಲಿ ಜಗಳವಿಲ್ಲದೆ ಮುಗಿದವೆಲ್ಲ ಹೀಗೇ ಮುಗಿದಿವೆ. ಮಾಲೀಕರಿಗೆ ಬೇಕಾದ್ದು ತಿಂಗಳ ದಿನಕ್ಕೆ ಬಾಡಿಗೆ, ಗೆಳೆಯರಿಗೆ ಬೇಕಾದ್ದು ಸಹಿಸಿಕೊಳ್ಳಬಹುದಾದ ಒಬ್ಬ ಮನುಷ್ಯ. ಹುಡುಕುವ ಕೆಲಸ ನಿಮ್ಮದು, ಆರಿಸುವ ಹಕ್ಕು ಅವರದು. ಇದನ್ನು ತಿರುವುಮುರುವು ಮಾಡಬೇಡಿ. ಯಾರೋ ಒಬ್ಬರು ಸಿಕ್ಕರು ಅಂತ ಅವರ ತಲೆಗೆ ಕಟ್ಟಿ ಹೋದರೆ, ಮುಂದಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಅವರ ಜೊತೆ ಬದುಕಬೇಕಾದವರು ನೀವಲ್ಲ. ಮೂರ್ನಾಲ್ಕು ಜನರನ್ನು ತನ್ನಿ. ಕೋಣೆ ತೋರಿಸುವುದು, ಫೋನ್ ಎತ್ತುವುದು, ಫೋಟೋ ಕಳಿಸುವುದು ಎಲ್ಲ ನೀವೇ ಮಾಡಿ. ಸುಳ್ಳು ಹೇಳಬೇಡಿ. ಬೆಳಗ್ಗೆ ನೀರು ನಿಧಾನ ಬರುತ್ತದೆ ಅಂದರೆ ಬರುತ್ತದೆ ಅಂತಲೇ ಹೇಳಿ, ಯಾಕೆಂದರೆ ಬಂದ ತಿಂಗಳೇ ಅವರು ಬಿಟ್ಟರೆ ಗೆಳೆಯರು ಮತ್ತೆ ನಿಮಗೇ ಫೋನ್ ಮಾಡುತ್ತಾರೆ.

ಸಿಕ್ಕ ಮೇಲೆ ಕಾಗದ ಬದಲಾಗಲೇಬೇಕು. ಹೊಸಬರು ಬಂದು ಬಾಡಿಗೆ ಕೊಡುತ್ತಿದ್ದಾರೆ, ನನ್ನ ಹೆಸರು ಹಳೇ ಅಗ್ರಿಮೆಂಟ್‌ನಲ್ಲೇ ಇದೆ, ಇರಲಿ ಬಿಡಿ ಅಂತ ಎಷ್ಟೋ ಜನ ಹೋಗಿಬಿಡುತ್ತಾರೆ. ಹೊಸಬರು ಎರಡು ತಿಂಗಳು ಕಟ್ಟದಿದ್ದರೆ, ಬಾಗಿಲು ಮುರಿದರೆ, ಕೇಳಿಕೊಂಡು ಬರುವುದು ನಿಮ್ಮನ್ನು. ಎಲ್ಲರೂ ಸೇರಿ ಹೊಸ ಅಗ್ರಿಮೆಂಟ್ ಮಾಡುವುದು ಒಳ್ಳೆಯದು. ಆಗದಿದ್ದರೆ ಇಂಥ ದಿನದಿಂದ ಇವರ ಜಾಗಕ್ಕೆ ಇವರು, ಹಳಬರಿಗೆ ಇನ್ನು ಮುಂದಿನ ಹೊಣೆ ಇಲ್ಲ ಅಂತ ಒಂದು ಹಾಳೆ ಬರೆದು ಮಾಲೀಕರು, ಉಳಿಯುವವರು, ಬರುವವರು, ನೀವು ಎಲ್ಲರೂ ಸಹಿ ಹಾಕಿ. ಕೋಣೆಯ ಗೋಡೆ, ಕಿಟಕಿ, ಬಚ್ಚಲು, ಮೀಟರ್ ಎಲ್ಲದರ ಫೋಟೋ ಆ ದಿನವೇ ತೆಗೆದು ಎಲ್ಲರಿಗೂ ಕಳಿಸಿ.

ಅಡ್ವಾನ್ಸ್ ವಿಷಯದಲ್ಲಿ ಅವಸರ ಬೇಡ. ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ ಹೇಳಿ ಬಾಡಿಗೆ ನಿಲ್ಲಿಸಬೇಡಿ, ಅದು ಎಲ್ಲರದ್ದೂ ಸೇರಿದ ದುಡ್ಡು, ಕೊನೆಗೆ ಮನೆಗೆ ಏನಾದರೂ ಹಾಳಾಗಿದ್ದರೆ ಕಳೆಯುವುದು ಅದರಲ್ಲೇ. ಹೊಸಬರು ನಿಮ್ಮ ಪಾಲನ್ನು ನಿಮಗೆ ಕೊಟ್ಟು ಒಳಗೆ ಬರುವುದು ಸುಲಭದ ದಾರಿ. ಆದರೆ ಅದು ಮಾಲೀಕರಿಗೆ ತಿಳಿದು, ಆ ಹಾಳೆಯಲ್ಲೇ ಬರೆದು ಆಗಬೇಕು. ಇಲ್ಲದಿದ್ದರೆ ವರ್ಷದ ಕೊನೆಗೆ ಹೊಸಬರು ಅಡ್ವಾನ್ಸ್ ಕೇಳಿದಾಗ ನೀವು ನನಗೆ ಕೊಟ್ಟೇ ಇಲ್ಲವಲ್ಲ ಅನ್ನುವ ಉತ್ತರ ಮಾಲೀಕರಿಂದ ಬರುತ್ತದೆ.

ಯಾರೂ ಸಿಗದಿದ್ದರೆ ಮಾಲೀಕರ ಜೊತೆ ಮಾತಾಡಬೇಕು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಾಡಿಗೆದಾರ ಮಧ್ಯದಲ್ಲಿ ಮನೆ ಬಿಟ್ಟರೆ ಬೇರೆಯವರಿಗೆ ಕೊಡಲು ಮಾಲೀಕರೂ ಪ್ರಯತ್ನ ಮಾಡಲೇಬೇಕು, ಸುಮ್ನೆ ಕೂತು ಪೂರ್ತಿ ಬಾಡಿಗೆ ಕೇಳುವಂತಿಲ್ಲ. ಎಲ್ಲ ಕಡೆ ಹಾಗಿಲ್ಲ. ಆದರೂ ಮಾತಿಗೆ ಜಾಗ ಎಲ್ಲ ಕಡೆ ಇದೆ. ಕೆಲಸದಿಂದ ತೆಗೆದ ಪತ್ರ ತೋರಿಸಿ. ಇಷ್ಟು ದಿನ ಒಂದು ದಿನವೂ ತಡ ಮಾಡದೆ ಕಟ್ಟಿದ್ದೇವೆ ಅಂತ ಲೆಕ್ಕ ತೋರಿಸಿ. ಒಂದು ತಿಂಗಳ ಪಾಲು ಹೆಚ್ಚಿಗೆ ಕೊಡುತ್ತೇನೆ, ಅದಕ್ಕೆ ಬಿಡುಗಡೆ ಬರೆದುಕೊಡಿ ಅಂತ ಕೇಳಿ. ಬಾಯಿಮಾತಿಗೆ ಒಪ್ಪಿದರೆ ಅದೇ ಸಂಜೆ ಮೆಸೇಜಿನಲ್ಲಿ ಬರೆದು ಕಳಿಸಿ ಸರಿ ಅನ್ನಿಸಿಕೊಳ್ಳಿ.

ಗೆಳೆಯರಿಗೆ ಕೊಡುವ ಮಾತು ಇದಕ್ಕಿಂತ ಸೂಕ್ಷ್ಮ. ಹೊಸಬರು ಬರುವವರೆಗೆ ನಾನೇ ಕಟ್ಟುತ್ತೇನೆ ಅಂತ ಹೇಳಿಬಿಡುವುದು ಸುಲಭ, ಆ ಕ್ಷಣಕ್ಕೆ ದೊಡ್ಡ ಮನಸ್ಸಿನಂತೆ ಕಾಣುತ್ತದೆ. ಆಗದ ಮಾತು ಕೊಡಬೇಡಿ. ಬ್ಯಾಂಕಿನಲ್ಲಿ ಇರುವುದು ನೋಡಿ, ಕಂಪನಿಯಿಂದ ಬರಬೇಕಾದ್ದು ಎಷ್ಟು, ಯಾವತ್ತು ಬರುತ್ತದೆ ನೋಡಿ, ಆಮೇಲೆ ಒಂದು ಗಟ್ಟಿ ಮಾತು ಹೇಳಿ. 6 ವಾರ ಪೂರ್ತಿ ಪಾಲು, ಆಮೇಲೆ ಎರಡು ತಿಂಗಳು ಅರ್ಧ, ಉಳಿದದ್ದು ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ. ಚಿಕ್ಕ ಮೊತ್ತವಾದರೂ ನಂಬಬಹುದಾದದ್ದು ಅವರಿಗೆ ಬೇಕು, ಅದನ್ನು ಇಟ್ಟುಕೊಂಡು ಅವರೂ ತಮ್ಮ ತಿಂಗಳ ಲೆಕ್ಕ ಹಾಕಿಕೊಳ್ಳಬೇಕಲ್ಲ.

ಉಳಿಯುವವರ ಕಡೆಯಲ್ಲೂ ನಾನು ನಿಂತಿದ್ದೇನೆ. ಕೆಲವು ವರ್ಷದ ನಂತರ ಬೇರೆ ಮನೆಯಲ್ಲಿ ಒಂದು ಸಂಜೆ ಬಂದಾಗ ಬೀಗದ ಕೈ ಕಪಾಟಿನ ಮೇಲಿತ್ತು, ಕೋಣೆ ಖಾಲಿ, ಫೋನಿಗೆ ಕ್ಷಮಿಸಿ ಅಂತ ಒಂದು ಸಾಲು ಬಂದಿತ್ತು. ಆ ಕೋಣೆಯಲ್ಲಿದ್ದ ಗೆಳೆಯನ ಕೆಲಸ ಹೋಗಿ ತಿಂಗಳಾಗಿತ್ತಂತೆ. ಇಬ್ಬರೇ ಸೇರಿ ಮೂರು ಜನರ ಬಾಡಿಗೆ ನಾಲ್ಕು ತಿಂಗಳು ಕಟ್ಟಿದೆವು. ಮೊದಲ ವಾರ ತುಂಬಾ ಸಿಟ್ಟಿತ್ತು. ಆಮೇಲೆ ನನಗೆ ಆ ಊಟದ ತಟ್ಟೆ ನೆನಪಾಯಿತು. ಒಂದು ತಿಂಗಳು ಅವನು ಪ್ರತಿ ರಾತ್ರಿ ನಮ್ಮ ಎದುರೇ ಕೂತು ಊಟ ಮಾಡಿದ್ದ, ನಾವು ಕೆಲಸ ಹೇಗಿದೆ ಅಂತ ಕೇಳಿದಾಗ ಚೆನ್ನಾಗಿದೆ ಅಂದಿದ್ದ. ನಾವು ಇನ್ನೊಂದು ಸಲ ಕೇಳಬಹುದಿತ್ತು. ಹಾಗಾಗಿ ನೀವು ಉಳಿಯುವವರಾಗಿ ಇದನ್ನು ಓದುತ್ತಿದ್ದರೆ ನಿಮಗೂ ಒಂದು ಬೇಡಿಕೆ. ಹೇಳಿಕೊಂಡವರಿಗೆ ಮೊದಲ ಮಾತಿಗೇ ಬಾಡಿಗೆ ಕೇಳಬೇಡಿ. ಬಾಡಿಗೆ ನಾಳೆ ಮಾತಾಡೋಣ, ಊಟ ಮಾಡು ಅನ್ನಿ. ನಾಳೆ ಖಂಡಿತ ಮಾತಾಡಿ. ಆಗಲೇ ಬೇರೆ ದಾರಿಗಳೂ ಹೊಳೆಯುತ್ತವೆ, ದೊಡ್ಡ ಕೋಣೆ ಬಿಟ್ಟು ಚಿಕ್ಕದಕ್ಕೆ ಹೋಗಿ ಕಡಿಮೆ ಪಾಲು ಕಟ್ಟುವುದು, ಒಂದು ಕೋಣೆಯಲ್ಲಿ ಇಬ್ಬರು ಇದ್ದು ಇನ್ನೊಂದನ್ನು ಹೊಸಬರಿಗೆ ಬಿಡುವುದು. ಬಿಟ್ಟು ಹೋಗುವುದೇ ಬೇಕಾಗದೆಯೂ ಇರಬಹುದು.

ಹೇಗೆ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಒಂದು ಮೆಸೇಜ್ ಬರೆದು ಕೊಡುತ್ತೇನೆ. ನಿಮ್ಮ ಮಾತಿಗೆ ತಕ್ಕಂತೆ ಬದಲಾಯಿಸಿಕೊಂಡು ಇವತ್ತು ರಾತ್ರಿಯೇ ಕಳಿಸಿ.

"ಸೋಮವಾರ ನನ್ನ ಕೆಲಸ ಹೋಯ್ತು. ನಿಮಗೆ ಬೇರೆಯವರಿಂದ ಗೊತ್ತಾಗಬಾರದು ಅಂತ ನಾನೇ ಹೇಳ್ತಿದ್ದೀನಿ. ಮುಂದಿನ ತಿಂಗಳ ನನ್ನ ಪಾಲು ಕಟ್ಟುತ್ತೇನೆ, ಅದು ಖಂಡಿತ. ಅದರಾಚೆ ಪೂರ್ತಿ ಕಟ್ಟೋಕೆ ಆಗಲ್ಲ ಅನ್ಸುತ್ತೆ. ನನ್ನ ಜಾಗಕ್ಕೆ ಬರುವವರನ್ನು ನಾಳೆಯಿಂದಲೇ ಹುಡುಕ್ತೀನಿ, ಯಾರು ಅಂತ ನೀವೇ ನೋಡಿ ಒಪ್ಪಿ. ಓನರ್ ಹತ್ತಿರ ಇನ್ನೂ ಮಾತಾಡಿಲ್ಲ, ಮೂವರೂ ಸೇರಿ ಹೋಗೋಣ. ನಾಳೆ ರಾತ್ರಿ ಊಟ ಆದ ಮೇಲೆ ಅಗ್ರಿಮೆಂಟ್ ಇಟ್ಕೊಂಡು ಕೂತ್ಕೊಳ್ಳೋಣವಾ?"