ಅಲಾಸ್ಕಾದಲ್ಲಿ ಕಂಡ ರಂಪಣಿ

ಅಲಾಸ್ಕಾದ ರಾಜಧಾನಿ ಜೂನೋಗೆ ಹೊರಗಿನಿಂದ ರಸ್ತೆ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಹಡಗಿನಲ್ಲಿ. ಹಿಂದೆ ಹಿಮದ ಬೆಟ್ಟಗಳು, ಮುಂದೆ ದ್ವೀಪಗಳ ಸಂದಿಯಲ್ಲಿ ಒಳಗೆ ನುಗ್ಗಿ ಬಂದ ಸಮುದ್ರ. ಅಲ್ಲಿಂದ ದಕ್ಷಿಣಕ್ಕೆ ಪೀಟರ್ಸ್‌ಬರ್ಗ್ ಎಂಬ ಮೀನುಗಾರರ ಊರಿದೆ. ಜೂನೋದಿಂದ ಪೀಟರ್ಸ್‌ಬರ್ಗ್‌ವರೆಗೆ ಒಂದು ಸಣ್ಣ ಬೋಟಿನಲ್ಲಿ, ರಾತ್ರಿ ಅದರಲ್ಲೇ ಮಲಗುತ್ತಾ, ಜುಲೈನಲ್ಲಿ ನಾನು ಮತ್ತು ಅಪ್ಪಯ್ಯ ಹೋದೆವು.

ಅಪ್ಪಯ್ಯನ ಊರು ಗಂಗೊಳ್ಳಿಯ ಹತ್ತಿರ. ದುಡಿದದ್ದೆಲ್ಲ ಕಡಲಲ್ಲೇ. ಹುಡುಗನಾಗಿದ್ದಾಗ ರಂಪಣಿ ಬಲೆ ಎಳೆದವರು, ಆಮೇಲೆ ಪರ್ಸೀನ್ ಬೋಟಿನಲ್ಲಿ ಇದ್ದವರು. ಸಿಯಾಟಲ್‌ನಲ್ಲಿರುವ ನಮ್ಮ ಮನೆಗೆ ಬಂದಾಗ ಅವರಿಗೆ ಏನು ತೋರಿಸುವುದು ಎಂದು ನಾನು ಹೆಚ್ಚು ಯೋಚಿಸಲಿಲ್ಲ. ಅವರಿಗೆ ಸಮುದ್ರವೇ ಬೇಕು.

ಜೂನೋದಿಂದ ಎರಡು ಮೂರು ಗಂಟೆಯ ತಿಮಿಂಗಿಲ ಸವಾರಿಗಳು ಬೇಕಾದಷ್ಟಿವೆ. ಅದರಲ್ಲೂ ತಿಮಿಂಗಿಲ ಕಾಣುತ್ತದೆ. ಆದರೆ ಗಂಟೆ ನೋಡಿಕೊಂಡು ಬಂದವರಿಗೆ ಬೆನ್ನು ಕಾಣುತ್ತದೆ, ಬಾಲ ಕಾಣುತ್ತದೆ, ಅಷ್ಟೇ. ಅದು ಇಲ್ಲಿಗೆ ಯಾಕೆ ಬಂದಿದೆ ಎನ್ನುವುದು ಕಾಣುವುದಿಲ್ಲ. ಅದಕ್ಕೆ ಸುಮ್ನೆ ಕಾಯಬೇಕು, ಎಂಜಿನ್ ನಿಲ್ಲಿಸಿ ತೇಲಬೇಕು, ರಾತ್ರಿ ಅಲ್ಲೇ ಲಂಗರು ಹಾಕಬೇಕು. ಖರ್ಚು ಜಾಸ್ತಿ, ನಿಜ. ಆದರೂ ಒಂದೇ ಸಲ ಹೋಗಲು ಸಾಧ್ಯವಿರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮೊದಲ ತಿಮಿಂಗಿಲ ನಮಗೆ ಕಂಡದ್ದಲ್ಲ, ಕೇಳಿಸಿದ್ದು. ಬೆಳಗ್ಗೆ ಮಂಜು ದಟ್ಟವಾಗಿತ್ತು, ನೀರಿಗೂ ಆಕಾಶಕ್ಕೂ ನಡುವೆ ಗೆರೆಯೇ ಇರಲಿಲ್ಲ. ಎಲ್ಲೋ ಎಡಗಡೆಯಿಂದ ದೊಡ್ಡದಾಗಿ ಉಸಿರು ಬಿಟ್ಟ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು, ಈ ಸಲ ಹತ್ತಿರ. ಗಾಳಿ ನಮ್ಮ ಕಡೆಗಿತ್ತು, ಉಸಿರಿನ ವಾಸನೆಯೂ ಬಂತು. ಕೊಳೆತ ಮೀನಿನ ವಾಸನೆ. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ಅಪ್ಪಯ್ಯ ಮಾತ್ರ ಮೂಸಿ ನೋಡಿ, ಚೆನ್ನಾಗಿ ತಿಂದಿದೆ ಅಂದರು.

ಅವರು ಹೇಳಿದ್ದು ಸರಿಯೇ. ಈ ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವನ್ನು ಹವಾಯಿಯ ಬೆಚ್ಚನೆ ನೀರಿನಲ್ಲಿ ಕಳೆಯುತ್ತವೆ. ಮರಿ ಹಾಕುವುದು ಅಲ್ಲಿ. ಆದರೆ ಅಲ್ಲಿ ಅವಕ್ಕೆ ಊಟ ಇಲ್ಲ. ತಿಂಗಳುಗಟ್ಟಲೆ ಉಪವಾಸ, ಅದರ ಮೇಲೆ ಸುಮಾರು 4,800 ಕಿಲೋಮೀಟರ್ ಈಜು. ಹಾಲೂಡಿಸುವ ತಾಯಿಗೂ ಇದೇ ಪಾಡು. ಇಲ್ಲಿಗೆ ಬಂದ ಮೇಲೆ ಬೇಸಿಗೆಯುದ್ದಕ್ಕೂ ತಿನ್ನುವುದೊಂದೇ ಕೆಲಸ, ದಿನಕ್ಕೆ ಸುಮಾರು ಒಂದು ಟನ್. ತಿನ್ನುವುದು ಏನನ್ನು? ಸೀಗಡಿಯಂಥ ಸಣ್ಣ ಕ್ರಿಲ್, ಮತ್ತೆ ಗೇಣುದ್ದದ ಹೆರಿಂಗ್ ಮೀನು. ಹೆರಿಂಗ್ ಅಂದರೆ ನಮ್ಮ ಭೂತಾಯಿಯ ಹತ್ತಿರದ ನೆಂಟ. ಅಪ್ಪಯ್ಯ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಬೈಗೆಯೇ ಅಂದುಬಿಟ್ಟರು. ನಮ್ಮ ಕಡೆ ಭೂತಾಯಿಗೆ ಬೈಗೆ ಅನ್ನುತ್ತಾರೆ.

ಮುಂದಿನ ದಿನಗಳಲ್ಲಿ ನಾನು ಎತ್ತ ನೋಡಿದರೂ ಆ ಸಣ್ಣ ಮೀನೇ ಕಾಣತೊಡಗಿತು.

ಎಂಡಿಕಾಟ್ ಆರ್ಮ್ ಎಂಬ ಕಿರಿದಾದ ಕಡಲ ತೋಳಿನೊಳಗೆ ಹೋದೆವು. ಅದರ ತುದಿಯಲ್ಲಿ ಡಾಸ್ ಹಿಮನದಿ ನೀರಿಗಿಳಿಯುತ್ತದೆ. ನೀಲಿ ಹಿಮದ ಗೋಡೆ ಒಡೆದು ಬೀಳುವುದನ್ನು ಎಲ್ಲರೂ ಫೋನಿನಲ್ಲಿ ಹಿಡಿದರು. ನನಗೆ ಹಿಡಿಸಿದ್ದು ಒಡೆದ ಹಿಮದ ತುಂಡುಗಳ ಮೇಲೆ ಮಲಗಿದ್ದ ಹಾರ್ಬರ್ ಸೀಲ್‌ಗಳು. ಮರಿಗಳನ್ನು ಅಲ್ಲೇ ಸಾಕುತ್ತವೆ, ಸೀಲ್ ತಿನ್ನುವ ಓರ್ಕಾಗಳ (ಕಿಲ್ಲರ್ ವೇಲ್) ಕಾಟ ಆ ಹಿಮದ ನಡುವೆ ಕಡಿಮೆ. ಬೋಟು ಹತ್ತಿರ ಬಂದರೆ ಸೀಲ್‌ಗಳು ಹೆದರಿ ನೀರಿಗೆ ಜಾರುತ್ತವೆ, ಮರಿ ಚಳಿಯಲ್ಲಿ ಸೊರಗುತ್ತದೆ. ನಮ್ಮ ಕ್ಯಾಪ್ಟನ್ ತುಂಬ ದೂರದಲ್ಲೇ ನಿಂತರು. ಇನ್ನೂ ಹತ್ತಿರ ಹೋಗೋಣ ಎಂದು ಕೇಳಿದವರಿಗೆ ಮುಲಾಜಿಲ್ಲದೆ ಆಗುವುದಿಲ್ಲ ಎಂದರು. ಆ ಹೆಂಗಸಿನ ಮೇಲೆ ನನಗೆ ಗೌರವ ಬಂದದ್ದು ಆಗ.

ಅಡ್ಮಿರಾಲ್ಟಿ ದ್ವೀಪದ ಪ್ಯಾಕ್ ಕ್ರೀಕ್‌ನಲ್ಲಿ ಇಳಿದೆವು. ಆ ಒಂದು ದ್ವೀಪದಲ್ಲಿ ಸುಮಾರು 1,600 ಕಂದು ಕರಡಿಗಳಿವೆ. ಮೊದಲೇ ಪರವಾನಗಿ ತೆಗೆದುಕೊಂಡವರಿಗೆ ಮಾತ್ರ ಪ್ರವೇಶ. ಒಂದು ತಾಯಿ ಕರಡಿ ಹೊಳೆಯ ಬಾಯಲ್ಲಿ ಸಾಲ್ಮನ್ ಹಿಡಿದು, ಅರ್ಧ ತಿಂದು, ಉಳಿದದ್ದನ್ನು ಮರಗಳ ಬುಡದಲ್ಲಿ ಬಿಟ್ಟು ಹೋಯಿತು. ಆ ಮೀನೇ ಕಾಡಿಗೆ ಗೊಬ್ಬರ. ಸಮುದ್ರದಿಂದ ಬಂದ ಸಾರಜನಕ ಹೊಳೆಬದಿಯ ಮರಗಳಲ್ಲಿ ಇರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಕೆಲವು ಜಾತಿಯ ಸಾಲ್ಮನ್ ಸಮುದ್ರದಲ್ಲಿ ಮೈ ತುಂಬಿಸಿಕೊಳ್ಳುವುದು ಹೆರಿಂಗ್ ತಿಂದು. ಅಂದರೆ ಮುಗಿಲು ಮುಟ್ಟುವ ಆ ಸ್ಪ್ರೂಸ್ ಮರದೊಳಗೂ ಹೆರಿಂಗ್ ಇದೆ ಅಲ್ವಾ?

ಓರ್ಕಾಗಳೂ ಕಂಡವು. ಗಂಡು ಓರ್ಕಾದ ಬೆನ್ನಿನ ರೆಕ್ಕೆ 1.8 ಮೀಟರ್‌ವರೆಗೆ ಬೆಳೆಯುತ್ತದೆ, ನಿಂತ ಆಳಿನಷ್ಟು. ಅಲ್ಲಿ ಮೀನು ಮಾತ್ರ ತಿನ್ನುವ ಓರ್ಕಾ ಬಳಗಗಳೇ ಬೇರೆ, ಸೀಲ್, ಸೀ ಲಯನ್ ಬೇಟೆಯಾಡುವ ಬಳಗಗಳೇ ಬೇರೆ. ಒಂದೇ ನೀರಿನಲ್ಲಿದ್ದರೂ ಅವು ಬೆರೆಯುವುದಿಲ್ಲ. ನಾವು ಕಂಡವು ನಿಲ್ಲದೆ ಹೊರಟು ಹೋದವು.

ಫ್ರೆಡರಿಕ್ ಸೌಂಡ್‌ಗೆ ಬಂದದ್ದು ಆಮೇಲೆ. ಈ ಬರಹ ಇರುವುದೇ ಅಲ್ಲಿ ಕಂಡದ್ದಕ್ಕಾಗಿ. ವಿಶಾಲವಾದ ನೀರು, ನಡುವೆ ಫೈವ್ ಫಿಂಗರ್ ದೀಪಸ್ತಂಭ, ಸುತ್ತ ಹಿಮ ಹೊತ್ತ ಬೆಟ್ಟಗಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಒಳಗೆ ಹೋಗಿದ್ದರು. ಅಪ್ಪಯ್ಯ ಮಾತ್ರ ಮುಂದಿನ ಡೆಕ್ಕಿನಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

"ಅಲ್ ಕಾಣ್. ಹಕ್ಕಿ ಬೀಳ್ತಿತ್ತ್. ಮೀನ್ ಇತ್ತ್ ಅಲ್ಲಿ."

ನನಗೆ ಏನೂ ಕಾಣಲಿಲ್ಲ. ದುರ್ಬೀನು ಹಿಡಿದ ಮೇಲೆ ಬಿಳಿ ಚುಕ್ಕೆಗಳು ಕಂಡವು. ಕ್ಯಾಪ್ಟನ್‌ಗೆ ಹೇಳಿದೆ. ಅವರು ನೋಡಿ, ಅಪ್ಪಯ್ಯನ ಕಡೆಗೊಮ್ಮೆ ನೋಡಿ, ಮಾತಾಡದೆ ಬೋಟು ತಿರುಗಿಸಿದರು. ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ, 2001ರಿಂದ ಅದು ಕಾನೂನು. ಅದಕ್ಕಿಂತ ಎಷ್ಟೋ ದೂರದಲ್ಲೇ ಎಂಜಿನ್ ನಿಲ್ಲಿಸಿ, ನೀರೊಳಗಿನ ಸದ್ದು ಹಿಡಿಯುವ ಮೈಕನ್ನು ಕೆಳಗೆ ಬಿಟ್ಟರು.

ಮೇಲೆ ತಿಮಿಂಗಿಲವೇ ಇರಲಿಲ್ಲ. ಎಲ್ಲವೂ ಒಂದರ ಹಿಂದೊಂದು ಬಾಲ ಎತ್ತಿ ಮುಳುಗಿದ್ದವು. ಸ್ಪೀಕರಿನಲ್ಲಿ ಬರೀ ಗುಳುಗುಳು. ಆಮೇಲೆ ಒಂದು ಕೂಗು ಶುರುವಾಯಿತು. ಒಂದೇ ಶ್ರುತಿಯಲ್ಲಿ, ಉದ್ದಕ್ಕೆ, ನಿಂತು, ಮತ್ತೆ ಅದೇ. ಕೇಳುತ್ತಾ ನನ್ನ ಮೈಮೇಲೆ ಮುಳ್ಳೆದ್ದಿತು. ಕೂಗುವುದು ಗುಂಪಿನಲ್ಲಿ ಯಾವುದೋ ಒಂದು. ಆ ಸದ್ದಿಗೆ ಹೆರಿಂಗ್ ಹೆದರಿ ಒತ್ತೊತ್ತಾಗಿ ಸೇರುತ್ತದೆ, ಮೇಲಕ್ಕೆ ಓಡುತ್ತದೆ. ಇನ್ನೊಂದು ತಿಮಿಂಗಿಲ ಕೆಳಗಿನಿಂದ ಸುತ್ತು ಹಾಕುತ್ತಾ ಮೂಗಿನಿಂದ ಗುಳ್ಳೆ ಬಿಡುತ್ತದೆ. ಗುಳ್ಳೆಗಳು ಏರುತ್ತಾ ಗೋಡೆಯಾಗುತ್ತವೆ. ಹೆರಿಂಗ್ ಆ ಗೋಡೆ ದಾಟುವುದಿಲ್ಲ.

ನೀರಿನ ಮೇಲೆ ಗುಳ್ಳೆಗಳ ಬಳೆ ಮೂಡಿತು. ಮೊದಲು ಒಂದು ಕಮಾನು, ಆಮೇಲೆ ತುದಿಗೆ ತುದಿ ಕೂಡಿತು. ಕೊನೆಗೆ ಕೂಗಿನ ಸ್ವರ ಸರ್ರನೆ ಮೇಲೇರಿತು. ಬಳೆಯೊಳಗೆ ಹೆರಿಂಗ್ ಚಿಮ್ಮತೊಡಗಿತು, ಹಕ್ಕಿಗಳು ಕಿರುಚಿದವು, ಮರುಕ್ಷಣ ಬಾಯಿಗಳು ಬಂದವು. ಬಾಯಿ ಅಗಲಿಸಿದ ತಿಮಿಂಗಿಲಗಳು ಒಂದಕ್ಕೊಂದು ಒತ್ತಿಕೊಂಡು ಬೋಟಿನ ಮಾಡಿಗಿಂತ ಎತ್ತರ ಎದ್ದವು. ಗಂಟಲ ಮಡಿಕೆಗಳು ಬಿಚ್ಚಿ ಹಿಗ್ಗಿದ್ದವು, ನೀರು ಸೋರುತ್ತಿತ್ತು. ಒಂದೊಂದೂ ಸುಮಾರು 13–14 ಮೀಟರ್ ಉದ್ದ, ಮೂವತ್ತು ಟನ್ ತೂಕ.

ಯಾರೋ ಅಳುತ್ತಿದ್ದರು. ಅಪ್ಪಯ್ಯ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಕೂಗುಕ್ ಒಬ್ಬ, ಬಲೆ ಬಿಡುಕ್ ಒಬ್ಬ. ಇದ್ ರಂಪಣಿಯೇ ಅಲ್ದಾ!"

ರಂಪಣಿ ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಕರಾವಳಿಯಲ್ಲಿ ಬಂಗುಡೆ, ಬೈಗೆ ದಡದ ಹತ್ತಿರ ಬಂದಾಗ ಹಾಕುತ್ತಿದ್ದ ಬಹಳ ಉದ್ದದ ಬಲೆ ಅದು. ಒಬ್ಬ ಅನುಭವಸ್ಥ ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಕೂಗಿ ಹೇಳಬೇಕು. ದೋಣಿಯವರು ಮೀನಿನ ಸುತ್ತ ಬಲೆ ಬಿಡುತ್ತಾ ಕಮಾನಾಗಿ ಬರಬೇಕು. ಎರಡೂ ತುದಿ ದಡಕ್ಕೆ ಬಂದ ಮೇಲೆ ಊರಿಗೆ ಊರೇ ನಿಂತು ಐಲೇಸಾ ಎಂದು ಎಳೆಯುತ್ತಿತ್ತು. ಎಳೆದವರಿಗೆಲ್ಲ ಪಾಲು. ನಮ್ಮಜ್ಜ ನೀರು ನೋಡಿ ಕೂಗುವವರಾಗಿದ್ದರಂತೆ. ಇಷ್ಟು ವರ್ಷ ಅಪ್ಪಯ್ಯ ಇದನ್ನು ನನಗೆ ಹೇಳಿರಲೇ ಇಲ್ಲ. ಆವತ್ತು ಸಂಜೆ ಹತ್ತು ಗಂಟೆಯವರೆಗೂ ಬೆಳಕಿತ್ತು, ಅವರು ಹೇಳುತ್ತಲೇ ಇದ್ದರು, ನಾನು ಬೋಟಿನವರಿಗೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ತಿಮಿಂಗಿಲಗಳು ಅತ್ತ ಮತ್ತೆ ಮತ್ತೆ ಬಲೆ ಹಾಕುತ್ತಿದ್ದವು.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತಿ ಎತ್ತುವ ಬಲೆ. ರಂಪಣಿ ಮೂಲೆ ಸೇರಿತು. ಪರ್ಸೀನ್‌ನಿಂದ ನಮ್ಮ ಮನೆ ಕಟ್ಟಿದ್ದೂ ಹೌದು, ನನ್ನ ಓದು ಆದದ್ದೂ ಹೌದು. ಆದರೂ ಆವತ್ತು ಅಪ್ಪಯ್ಯ ಹೇಳಿದ್ದು ಒಂದೇ ಮಾತು: ಈ ತಿಮಿಂಗಿಲ ಹೊಟ್ಟೆ ತುಂಬಿದ ಮೇಲೆ ನಿಲ್ಲಿಸುತ್ತದೆ, ನಾವು ಬೀಜಕ್ಕೂ ಬಿಡಲಿಲ್ಲ.

ಅಲಾಸ್ಕಾದಲ್ಲೂ ಅದೇ ಕಥೆ ನಡೆದಿದೆ. ಅಡ್ಮಿರಾಲ್ಟಿಯ ಪಕ್ಕದ ಕಿಲ್ಲಿಸ್ನೂ ಎಂಬಲ್ಲಿ 1880ರ ದಶಕದಿಂದ ಹೆರಿಂಗ್ ಬೇಯಿಸಿ ಎಣ್ಣೆ ಮತ್ತು ಗೊಬ್ಬರ ಮಾಡುವ ಕಾರ್ಖಾನೆ ಇತ್ತು. ಅಂಥ ಕಾರ್ಖಾನೆಗಳು ಆ ಕರಾವಳಿಯಲ್ಲಿ 1960ರ ದಶಕದವರೆಗೂ ನಡೆದವು. ನಮ್ಮ ಕರಾವಳಿಯಲ್ಲಿ ಈಗ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗಳು ಸಣ್ಣ ಮೀನನ್ನು ನುಂಗುತ್ತಿವೆ. ಅಲ್ಲಿನ ಮೂಲ ನಿವಾಸಿಗಳಾದ ಟ್ಲಿಂಗಿಟ್ ಜನ ಮಾತ್ರ ಇವತ್ತಿಗೂ ವಸಂತದಲ್ಲಿ ಹೆಮ್ಲಾಕ್ ಮರದ ಕೊಂಬೆಗಳನ್ನು ನೀರಿಗಿಳಿಸಿ, ಹೆರಿಂಗ್ ಅವುಗಳ ಮೇಲೆ ಇಟ್ಟ ಮೊಟ್ಟೆಗಳನ್ನು ತೆಗೆದು ಹಂಚಿಕೊಂಡು ತಿನ್ನುತ್ತಾರೆ. ಮೀನು ಬದುಕಿರುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ.

ಉತ್ತರ ಪೆಸಿಫಿಕ್‌ನಲ್ಲಿ ಹಂಪ್‌ಬ್ಯಾಕ್ ಬೇಟೆಗೆ ನಿಷೇಧ ಬಂದದ್ದು 1966ರಲ್ಲಿ. ಆಗ ಉಳಿದದ್ದು ಹೆಚ್ಚೆಂದರೆ ಒಂದೆರಡು ಸಾವಿರ. 2012ರ ಹೊತ್ತಿಗೆ ಸುಮಾರು 33,000 ಆಗಿದ್ದವು. ಆಮೇಲೆ 2014ರಿಂದ 2016ರವರೆಗೆ ಸಮುದ್ರ ಬಿಸಿಯಾಯಿತು, ಸಣ್ಣ ಮೀನು ಮತ್ತು ಕ್ರಿಲ್ ಕಡಿಮೆಯಾದವು. 2021ಕ್ಕೆ ತಿಮಿಂಗಿಲಗಳು ಸುಮಾರು 26,600ಕ್ಕೆ ಇಳಿದವು. ಈಟಿ ನಿಂತಿದ್ದರೂ ಊಟ ಇಲ್ಲದೆ ಸತ್ತವು. ಈ ಲೆಕ್ಕ ನನ್ನನ್ನು ಈಗಲೂ ಕಾಡುತ್ತದೆ.

ಲೆಕ್ಕ ಸಿಕ್ಕಿದ್ದು ಬಾಲದ ಫೋಟೋಗಳಿಂದ. ಹಂಪ್‌ಬ್ಯಾಕ್‌ನ ಬಾಲದ ಅಡಿಭಾಗದ ಕಪ್ಪು ಬಿಳುಪು ಗುರುತು ಒಂದರಂತೆ ಇನ್ನೊಂದಕ್ಕಿಲ್ಲ. ಹ್ಯಾಪಿವೇಲ್ ಎಂಬ ತಾಣಕ್ಕೆ ಯಾರು ಬೇಕಾದರೂ ಫೋಟೋ ಕಳಿಸಬಹುದು, ಅದು ಹಳೆಯ ಫೋಟೋಗಳ ಜೊತೆ ಹೊಂದಿಸಿ ನೋಡುತ್ತದೆ. ಮನೆಗೆ ಬಂದ ಮೇಲೆ ನಾನೂ ಕಳಿಸಿದೆ. ಅದರಲ್ಲೊಂದು ತಿಮಿಂಗಿಲ ಹವಾಯಿಯ ಮಾವಿ ದ್ವೀಪದ ಹತ್ತಿರ ಮೊದಲೇ ಗುರುತಿಸಿದ್ದು ಎಂದು ಉತ್ತರ ಬಂತು. ಅಪ್ಪಯ್ಯ ಅದನ್ನು ಎರಡು ಸಲ ಓದಿಸಿಕೊಂಡರು. ನಮ್ಮ ಕಡಲಿಗೆ ಇದು ಬರುವುದಿಲ್ಲವಾ ಎಂದು ಕೇಳಿದರು.

ಇದು ಬರುವುದಿಲ್ಲ. ಆದರೆ ಇದರ ಜಾತಿಯದೇ ಒಂದು ಬಳಗ ಅರಬ್ಬಿ ಸಮುದ್ರದಲ್ಲಿದೆ. ಚಳಿ ಕಡಲಿಗೆ ವಲಸೆ ಹೋಗದೆ ವರ್ಷವಿಡೀ ಅಲ್ಲೇ ಇರುತ್ತದೆ. ಒಮಾನ್ ಕಡೆ ನೂರಕ್ಕಿಂತ ಕಡಿಮೆ ಉಳಿದಿವೆ ಎಂದು ಅಂದಾಜು. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಕದ್ದು 242 ಹಂಪ್‌ಬ್ಯಾಕ್‌ಗಳನ್ನು ಅರಬ್ಬಿ ಸಮುದ್ರದಲ್ಲಿ ಕೊಂದವು. 2017ರಲ್ಲಿ ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು, ದಕ್ಷಿಣದ ತುದಿಯವರೆಗೂ ಹೋಗಿತ್ತು. ನಮ್ಮ ಬೋಟುಗಳು ಮೀನು ಹಿಡಿಯುವ ಕಡಲಿನಲ್ಲೇ.

ಅಪ್ಪಯ್ಯ ಕೂಡಲೇ ನನ್ನಿಂದ ಒಂದು ಮೆಸೇಜ್ ಬರೆಸಿದರು. ಉದ್ದನೆಯ ಈಜುರೆಕ್ಕೆ, ಬೆನ್ನಲ್ಲಿ ಉಬ್ಬಿನ ಮೇಲೆ ಚಿಕ್ಕ ರೆಕ್ಕೆ ಇರುವ ತಿಮಿಂಗಿಲ ಕಂಡರೆ ಬೋಟು ದೂರ ನಿಲ್ಲಿಸಿ, ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಮುಳುಗುವಾಗ ಬಾಲದ ಅಡಿಭಾಗದ ಫೋಟೋ ತೆಗೆಯಿರಿ, ಜಾಗ ಮತ್ತು ಹೊತ್ತು ಬರೆದಿಡಿ ಎಂದು. ಗಂಗೊಳ್ಳಿ ಬಂದರಿನ ಹುಡುಗರ ವಾಟ್ಸಾಪ್ ಗುಂಪಿಗೆ ಅದು ಹೋಗಿದೆ. ಮಲ್ಪೆಯ ಅವರ ಸ್ನೇಹಿತರೂ ಮುಂದೆ ಕಳಿಸಿದ್ದಾರೆ. ಈವರೆಗೆ ಬಂದದ್ದೆಲ್ಲ ಡಾಲ್ಫಿನ್ ಫೋಟೋಗಳು. ಒಂದೊಂದಕ್ಕೂ ಅಪ್ಪಯ್ಯ ಫೋನ್ ಮಾಡಿ, ಎಷ್ಟು ಆಳದ ನೀರು, ಹಕ್ಕಿ ಇತ್ತಾ, ಬೈಗೆ ಇತ್ತಾ ಎಂದು ವಿಚಾರಿಸುತ್ತಾರೆ.